ಪುಡಿ ಹಿಮದಲ್ಲಿ ಕಾಲೂರುವ ಜಾಗ

ಸ್ಕೀಯರ್ ಷೇನ್ ಮೆಕಾಂಕಿ ಒಮ್ಮೆ ಅಲಾಸ್ಕಾದ ಹಿಮದ ಇಳಿಜಾರಿನಲ್ಲಿ ನೀರಿನ ಸ್ಕೀ ಕಟ್ಟಿಕೊಂಡು ಇಳಿದರು. ಮೋಟಾರು ದೋಣಿಯ ಹಿಂದೆ ಹಗ್ಗ ಹಿಡಿದು ಕೆರೆಯ ಮೇಲೆ ಜಾರುವವರ ಕಾಲಲ್ಲಿರುತ್ತವಲ್ಲ, ಅಂಥ ಹಲಗೆಗಳು. ಅವುಗಳ ಮೇಲೆ ಬೂಟು ಹಿಡಿಯುವ ಹಿಮದ ಸ್ಕೀಯ ಬೈಂಡಿಂಗನ್ನು ಸ್ಕ್ರೂ ಹಾಕಿ ಕೂರಿಸಿದ್ದರು. ಉಕ್ಕಿನ ಅಂಚಿಲ್ಲದ, ಗಟ್ಟಿ ಹಿಮವನ್ನು ಕಚ್ಚಿ ಹಿಡಿಯಲಾಗದ ಆ ಹಲಗೆಗಳು ಮೊಣಕಾಲುದ್ದದ ಪುಡಿ ಹಿಮದಲ್ಲಿ ಸಲೀಸಾಗಿ ತೇಲಿದವು, ಬೇಕಾದ ಕಡೆ ಹೊರಳಿದವು. ಹಿಮವು ಗಟ್ಟಿ ನೆಲಕ್ಕಿಂತ ನೀರಿಗೇ ಹತ್ತಿರ ಎಂದು ಅವರು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ವಾದಕ್ಕೆ ಅದು ಸಾಕ್ಷಿಯಾಯಿತು.

ಮೆಕಾಂಕಿ 1969ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಹುಟ್ಟಿ, ಕ್ಯಾಲಿಫೋರ್ನಿಯಾದ ಸ್ಕ್ವಾ ವ್ಯಾಲಿಯಲ್ಲಿ ಬೇರುಬಿಟ್ಟವರು. 1996ರಲ್ಲಿ ಅರ್ಜೆಂಟೀನಾದ ಬಾರೊಂದರಲ್ಲಿ ಕೂತಿದ್ದಾಗ ಕೈಗೆ ಸಿಕ್ಕ ಕಾಗದದ ನ್ಯಾಪ್ಕಿನ್ ಮೇಲೆ ಅವರು ಒಂದು ಸ್ಕೀಯ ಚಿತ್ರ ಗೀಚಿದ್ದರು. ಮಾಮೂಲಿ ಸ್ಕೀ ಮೂತಿ ಮತ್ತು ಬಾಲದಲ್ಲಿ ಅಗಲವಾಗಿ ಸೊಂಟದಲ್ಲಿ ಸಪೂರವಾಗಿರುತ್ತದೆ. ಅವರ ಚಿತ್ರದಲ್ಲಿ ಸೊಂಟವೇ ಎಲ್ಲಕ್ಕಿಂತ ಅಗಲ. ಮಾಮೂಲಿ ಸ್ಕೀಯನ್ನು ನೆಲದ ಮೇಲಿಟ್ಟರೆ ನಡುಭಾಗ ಕಮಾನಾಗಿ ಎದ್ದಿರುತ್ತದೆ, ಅದಕ್ಕೆ ಕ್ಯಾಂಬರ್ ಎನ್ನುತ್ತಾರೆ. ಅವರದರಲ್ಲಿ ನಡುಭಾಗ ನೆಲಕ್ಕೆ ತಾಗಿ ಎರಡೂ ತುದಿಗಳು ಮೇಲಕ್ಕೆ ಬಾಗಿದ್ದವು. ಈಗ ಎಲ್ಲರೂ ರಾಕರ್ ಎಂದು ಕರೆಯುವುದು ಇದನ್ನೇ. 2002ರಲ್ಲಿ ವೊಲಾಂಟ್ ಕಂಪನಿ ಆ ಚಿತ್ರವನ್ನು ಸ್ಪ್ಯಾಚುಲಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಕೆಲವೇ ವರ್ಷಗಳಲ್ಲಿ ಪುಡಿ ಹಿಮದ ಸ್ಕೀ ತಯಾರಿಸುವ ಬಹುತೇಕ ಎಲ್ಲರೂ ಅದರಿಂದ ಒಂದಲ್ಲ ಒಂದು ಅಂಶ ತೆಗೆದುಕೊಂಡರು.

ಅಗಲದ ಸ್ಕೀಯನ್ನು ಮೊದಲು ಮಾಡಿದವರು ಅವರಲ್ಲ. 1988ರಲ್ಲಿ ಆಸ್ಟ್ರಿಯಾದ ಅಟಾಮಿಕ್ ಕಾರ್ಖಾನೆಯ ರೂಪರ್ಟ್ ಹ್ಯೂಬರ್ ಒಂದು ಸ್ನೋಬೋರ್ಡನ್ನು ಉದ್ದಕ್ಕೆ ಸೀಳಿ ಎರಡು ಸ್ಕೀ ಮಾಡಿಕೊಂಡರು. ಪೌಡರ್ ಪ್ಲಸ್ ಎಂಬ ಮಾದರಿ ಹುಟ್ಟಿದ್ದು ಹಾಗೆ. ಜನ ಅದನ್ನು ಫ್ಯಾಟ್ ಬಾಯ್ ಎಂದರು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಹೆಲಿಕಾಪ್ಟರಿನಿಂದ ಸ್ಕೀಯರ್‌ಗಳನ್ನು ಬೆಟ್ಟದ ನೆತ್ತಿಗೆ ಇಳಿಸುತ್ತಿದ್ದವರು ಅದನ್ನು ಬೇಗ ಅಪ್ಪಿಕೊಂಡರು, ಏಕೆಂದರೆ ಮಧ್ಯಾಹ್ನದ ಹೊತ್ತಿಗೆ ತೊಡೆ ಸೋತು ಕೂರುತ್ತಿದ್ದ ಗಿರಾಕಿಗಳು ಅದರ ಮೇಲೆ ಸಂಜೆವರೆಗೂ ಇಳಿಯತೊಡಗಿದರು. ಪರಿಣತರು ಮಾತ್ರ ಬಹುಕಾಲ ಅದನ್ನು ವಯಸ್ಸಾದವರ ಊರುಗೋಲಿನಂತೆ ನೋಡಿದರು. ಅಗಲಕ್ಕೆ ಆಕಾರವೂ ಸೇರಿದಾಗ ಏನಾಗುತ್ತದೆ ಎಂಬುದನ್ನು ತೋರಿಸಿ ಆ ಧೋರಣೆಯನ್ನು ಮುರಿದವರು ಮೆಕಾಂಕಿ.

ಇಷ್ಟು ಹಿಂದಕ್ಕೆ ಹೋಗಿದ್ದಕ್ಕೆ ಕಾರಣವಿದೆ. ಪುಡಿ ಹಿಮದ ಸ್ಕೀ ಕೊಳ್ಳುವವರು ಯಾವ ಸ್ಕೀ ಎಂಬುದಾದ ಮೇಲೆ ಅಂಗಡಿಯಲ್ಲಿ ಎದುರಿಸುವ ಎರಡನೇ ಪ್ರಶ್ನೆ, ಬೈಂಡಿಂಗ್ ಎಲ್ಲಿ ಕೂರಿಸಲಿ ಎಂಬುದು, ಈ ಆಕಾರದ ಚರಿತ್ರೆಯನ್ನು ಬಿಟ್ಟರೆ ಅರ್ಥವಾಗುವುದಿಲ್ಲ. ಇಂಥ ಸ್ಕೀಗಳನ್ನು ಹೆಚ್ಚಾಗಿ ಬೋಳಾಗಿಯೇ ಮಾರುತ್ತಾರೆ. ಬೂಟನ್ನು ಹಿಡಿದಿಟ್ಟು, ಬಿದ್ದಾಗ ಬಿಟ್ಟುಕೊಡುವ ಬೈಂಡಿಂಗನ್ನು ಬೇರೆ ಕೊಂಡು, ಸ್ಕೀಗೆ ರಂಧ್ರ ಕೊರೆಸಿ ಹಾಕಿಸಬೇಕು. ಆ ರಂಧ್ರ ಒಂದೆರಡು ಸೆಂಟಿಮೀಟರ್ ಆಚೀಚೆಯಾದರೆ ಅದೇ ಸ್ಕೀ ಬೇರೆಯದೇ ಸ್ಕೀಯಂತೆ ವರ್ತಿಸುತ್ತದೆ.

ತೇಲುವುದು ಹೇಗೆ

ಬೂಟು ಹಾಕಿ ತಾಜಾ ಹಿಮದಲ್ಲಿ ನಡೆದರೆ ತೊಡೆಯವರೆಗೆ ಹೂತುಹೋಗುವ ಮನುಷ್ಯ ಸ್ಕೀ ಮೇಲೆ ಏಕೆ ಮುಳುಗುವುದಿಲ್ಲ? ಲೆಕ್ಕ ಸರಳ. ಸಾಮಾನುಸಹಿತ 85 ಕಿಲೋ ತೂಗುವವರ ಒಂದು ಬೂಟಿನ ಅಡಿ ಸುಮಾರು 300 ಚದರ ಸೆಂಟಿಮೀಟರ್. ಒಂಟಿ ಕಾಲಲ್ಲಿ ನಿಂತಾಗ ಪ್ರತಿ ಚದರ ಸೆಂಟಿಮೀಟರಿಗೆ 280 ಗ್ರಾಂ ಆಸುಪಾಸಿನ ಭಾರ ಬೀಳುತ್ತದೆ. 170 ಸೆಂ.ಮೀ. ಉದ್ದ, ಸರಾಸರಿ 9 ಸೆಂ.ಮೀ. ಅಗಲದ ಸಾಧಾರಣ ಸ್ಕೀ ಜೋಡಿಯ ಮೇಲೆ ಅದು 28 ಗ್ರಾಂಗೆ ಇಳಿಯುತ್ತದೆ. 180 ಸೆಂ.ಮೀ. ಉದ್ದ, ಸರಾಸರಿ 12 ಸೆಂ.ಮೀ. ಅಗಲದ ಪುಡಿ ಹಿಮದ ಸ್ಕೀಯ ಮೇಲಾದರೆ 20 ಗ್ರಾಂ.

ಇದು ನಿಂತಿರುವಾಗಿನ ಮಾತು. ಚಲಿಸುವಾಗ ಸ್ಕೀಯ ಮೂತಿ ಹಿಮವನ್ನು ಕೆಳಕ್ಕೂ ಪಕ್ಕಕ್ಕೂ ತಳ್ಳುತ್ತದೆ, ಹಿಮ ಸ್ಕೀಯನ್ನು ಮೇಲಕ್ಕೆ ತಳ್ಳುತ್ತದೆ. ವೇಗ ಹೆಚ್ಚಾದಷ್ಟೂ ಎತ್ತುವ ಬಲ ಹೆಚ್ಚು. ಆದ್ದರಿಂದಲೇ ಕಲಿಯುವವರು ಅಂಜಿ ನಿಧಾನವಾಗಿ ಇಳಿದಷ್ಟೂ ಮುಳುಗುತ್ತಾರೆ, ಮುಳುಗಿದಷ್ಟೂ ಇನ್ನೂ ಅಂಜುತ್ತಾರೆ. ಅವರಿಗೆ ಅಗಲದ ಸ್ಕೀ ಕೊಟ್ಟರೆ ಕಡಿಮೆ ವೇಗದಲ್ಲೂ ತೇಲುವ ಅವಕಾಶ ಸಿಗುತ್ತದೆ. ಪುಡಿ ಹಿಮದ ಸ್ಕೀ ಪರಿಣತರಿಗೆ ಮಾತ್ರ ಎನ್ನುವ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ.

ಹಿಮವೂ ಎಲ್ಲೆಡೆ ಒಂದೇ ಅಲ್ಲ. ಅಮೆರಿಕದ ಯೂಟಾ ರಾಜ್ಯದ ಆಲ್ಟಾದಲ್ಲಿ ವರ್ಷಕ್ಕೆ ಸರಾಸರಿ 13 ಮೀಟರಿನಷ್ಟು ಹಿಮ ಬೀಳುತ್ತದೆ. ಆ ಹಿಮವನ್ನು ದಶಕಗಳ ಕಾಲ ಅಭ್ಯಸಿಸಿದ ಹವಾಮಾನ ವಿಜ್ಞಾನಿ ಜಿಮ್ ಸ್ಟೀನ್‌ಬರ್ಗ್ ಅದರ ನೀರಿನ ಅಂಶ ಸರಾಸರಿ ಶೇ 8.4 ಎನ್ನುತ್ತಾರೆ. ಅವರ ವಿವರಣೆಯಲ್ಲಿ ನನಗೆ ಬಹಳ ಮುಖ್ಯವೆನಿಸಿದ್ದು ಬೇರೊಂದು ಸಂಗತಿ. ಹಿಮ ಬರೀ ಹಗುರಾಗಿದ್ದರೆ ಸಾಲದು. ಬಿರುಗಾಳಿಯ ಆರಂಭದಲ್ಲಿ ತುಸು ಭಾರದ ಹಿಮ ಬಿದ್ದು, ಚಳಿ ಏರಿದಂತೆ ಮೇಲೆ ಹಗುರ ಹಿಮ ಕೂತರೆ ಸ್ಕೀ ಅತ್ಯುತ್ತಮವಾಗಿ ತೇಲುತ್ತದೆ. ತೀರಾ ಹಗುರ ಹಿಮವಾದರೆ ಸ್ಕೀ ನೇರ ತಳಕ್ಕಿಳಿದು ಹಳೆಯ ಗಟ್ಟಿ ಪದರದ ಮೇಲೆ ಕರಕರ ಎನ್ನುತ್ತದೆ. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡದ ಒದ್ದೆ ಹಿಮಕ್ಕೆ ಅಲ್ಲಿಯವರು ಸಿಮೆಂಟ್ ಎಂದೇ ಅಡ್ಡಹೆಸರಿಟ್ಟಿದ್ದಾರೆ. ಅದು ಭಾರವನ್ನು ಚೆನ್ನಾಗಿ ಹೊರುತ್ತದೆ, ಆದರೆ ಸಪೂರ ಮೂತಿಯನ್ನು ಹಿಡಿದುಕೊಂಡರೆ ಬಿಡುವುದಿಲ್ಲ. ಅಲ್ಲಿ ಅಗಲಕ್ಕಿಂತ ಮೇಲೆದ್ದ ಮೂತಿಯೇ ಹೆಚ್ಚು ಉಪಕಾರಿ. ಸೈಬೀರಿಯದ ಗಾಳಿ ಜಪಾನ್ ಸಮುದ್ರ ದಾಟಿ ಬಂದು ಸುರಿಸುವ ಜಪಾನಿನ ನಿಸೆಕೊದ ಹಿಮಕ್ಕೆ ತಕ್ಕಂತೆ ಆರಿಸಿದ ಸ್ಕೀ ಕ್ಯಾಲಿಫೋರ್ನಿಯಾದಲ್ಲೂ ಅಷ್ಟೇ ಸುಖ ಕೊಡಬೇಕೆಂದಿಲ್ಲ.

ಸೊಂಟದ ಅಗಲ ಮಿಲಿಮೀಟರಿನಲ್ಲಿ ಎಷ್ಟು ಎಂಬುದು ಈ ವ್ಯಾಪಾರದ ದೊಡ್ಡ ಅಂಕಿ. ಸ್ಪರ್ಧೆಯ ಸ್ಕೀ 65ರ ಹತ್ತಿರ, ಎಲ್ಲ ಕಡೆ ಓಡುವ ಸ್ಕೀ 90ರ ಆಚೀಚೆ, ಪುಡಿ ಹಿಮದ್ದು 105ರಿಂದ 125ರವರೆಗೆ. ಆ ಒಂದೇ ಅಂಕಿ ನೋಡಿ ಕೊಳ್ಳುವವರು ಎಡವುತ್ತಾರೆ. 112 ಮಿ.ಮೀ. ಅಗಲದ ಎರಡು ಸ್ಕೀಗಳಲ್ಲಿ ಒಂದು ಕಬ್ಬಿಣದಂತೆ ಬಿಗಿಯಾಗಿ ನೇರ ಓಡುವುದನ್ನೇ ಬಯಸಬಹುದು, ಇನ್ನೊಂದು ಮೆತ್ತಗೆ ಬಾಗಿ ಮರಗಳ ನಡುವೆ ಥಟ್ಟನೆ ಹೊರಳಬಹುದು. ಮೂತಿ ಎಷ್ಟು ದೂರದಿಂದ ಮೇಲೇಳತೊಡಗುತ್ತದೆ, ಬಾಲಕ್ಕೂ ರಾಕರ್ ಇದೆಯೇ, ಕಾಲಡಿಯಲ್ಲಿ ಸ್ವಲ್ಪ ಕ್ಯಾಂಬರ್ ಉಳಿಸಿದ್ದಾರೆಯೇ, ಅತ್ಯಂತ ಅಗಲದ ಭಾಗ ತುದಿಯಲ್ಲೇ ಇದೆಯೇ ಅಥವಾ ಒಳಕ್ಕೆ ಸರಿದಿದೆಯೇ ಎಂಬುದನ್ನು ನೋಡಬೇಕು. ಸ್ಕೀಗಳೆರಡನ್ನೂ ತಳಕ್ಕೆ ತಳ ತಾಗಿಸಿ ಹಿಡಿದು ಬೆಳಕಿಗೆ ಎದುರಾಗಿ ನೋಡಿದರೆ ಇದರಲ್ಲಿ ಬಹುಪಾಲು ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ.

ಗೆರೆ

ಪ್ರತಿ ಸ್ಕೀಯ ಮೇಲೂ ಕಾರ್ಖಾನೆ ಒಂದು ಗೆರೆ ಹಾಕಿರುತ್ತದೆ. ಬೂಟಿನ ಪಕ್ಕದಲ್ಲೂ ಅಡಿಯ ನಡುಮಧ್ಯವನ್ನು ತೋರಿಸುವ ಸಣ್ಣ ಗುರುತಿರುತ್ತದೆ. ಎರಡೂ ಕೂಡುವಂತೆ ಬೈಂಡಿಂಗ್ ಹಾಕುವುದು ರೂಢಿ. ಕೆಲವು ಕಂಪನಿಗಳು ಒಂದೇ ಗೆರೆಯ ಬದಲು ಹಲವು ಗೆರೆಗಳ ಪಟ್ಟಿಯನ್ನೇ ಮುದ್ರಿಸುತ್ತವೆ.

ಈ ಗೆರೆಯನ್ನು ಅಳೆಯುವುದು ಸ್ಕೀಯ ನಿಜವಾದ ಮಧ್ಯಬಿಂದುವಿನಿಂದ. 184 ಸೆಂ.ಮೀ. ಉದ್ದದ ಸ್ಕೀಗೆ ಮಧ್ಯ 92ರಲ್ಲಿ ಬರುತ್ತದೆ. ಗೆರೆ ಅದಕ್ಕಿಂತ 8 ಸೆಂ.ಮೀ. ಹಿಂದಿದ್ದರೆ ಅದನ್ನು ಮೈನಸ್ ಎಂಟು ಎನ್ನುತ್ತಾರೆ: ಬೂಟಿನ ನಡುವಿನಿಂದ ಮೂತಿಗೆ 100, ಬಾಲಕ್ಕೆ 84. ಗಾಳಿಯಲ್ಲಿ ಗಿರಕಿ ಹೊಡೆದು ಹಿಂದುಮುಂದಾಗಿಯೂ ಇಳಿಯುವವರ ಸ್ಕೀಯಲ್ಲಿ ಗೆರೆ ಸೊನ್ನೆಯಿಂದ ಮೈನಸ್ ಮೂರರೊಳಗೆ. ಹೊಸ ಧಾಟಿಯ ಪುಡಿ ಹಿಮದ ಸ್ಕೀಗಳಲ್ಲಿ ಮೈನಸ್ ನಾಲ್ಕರಿಂದ ಎಂಟು. ಹಳೆಯ ಪದ್ಧತಿಯ, ಬೂಟಿನ ನಾಲಿಗೆಗೆ ಮೊಣಕಾಲ ಕೆಳಗಿನ ಎಲುಬು ಒತ್ತಿಕೊಂಡು ಇಳಿಯಬೇಕಾದ ಸ್ಕೀಗಳಲ್ಲಿ ಮೈನಸ್ ಒಂಬತ್ತರಿಂದ ಹನ್ನೆರಡು.

ಸಣ್ಣ ದೋಣಿಯ ಮುಂದಿನ ಹಲಗೆಯಲ್ಲಿ ಒಬ್ಬರು ಹೆಚ್ಚು ಕೂತರೆ ಮೂತಿ ನೀರಿಗೆ ಬಾಗುತ್ತದೆ, ಹಿಂದೆ ಕೂತರೆ ಎದ್ದು ನಿಲ್ಲುತ್ತದೆ. ಇಲ್ಲೂ ಅಷ್ಟೇ. ಬೂಟನ್ನು 2 ಸೆಂ.ಮೀ. ಮುಂದೆ ಸರಿಸಿದರೆ ಮುಂದೆ 98, ಹಿಂದೆ 86. ಸ್ಕೀ ಕಾಲಡಿಯಲ್ಲಿ ಚುರುಕಾಗಿ ತಿರುಗುತ್ತದೆ, ಮರಗಳ ನಡುವೆ ಹಿತವೆನಿಸುತ್ತದೆ; ಆಳದ ಹಿಮದಲ್ಲಿ ಮೂತಿ ಮುಳುಗುವ ಭಯವೂ ಸೇರುತ್ತದೆ, ಬಾಲ ತಿರುವಿನ ಕೊನೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಹಿಂದೆ ಸರಿಸಿದರೆ ಮೂತಿ ತಾನಾಗಿ ಎದ್ದಿರುತ್ತದೆ, ಗಟ್ಟಿ ನೆಲದಲ್ಲಿ ಮಾತ್ರ ಮುಂದಿನ ಉದ್ದನೆಯ ಭಾಗ ಹೇಳಿದ ಮಾತು ಕೇಳುವುದಿಲ್ಲ.

'ಪುಡಿ ಹಿಮಕ್ಕಾದರೆ ಗೆರೆಗಿಂತ ಎರಡು ಸೆಂಟಿಮೀಟರ್ ಹಿಂದೆ ಹಾಕಿಸಿ' ಎಂಬ ಸಲಹೆ ಈಗಲೂ ಅಂಗಡಿಗಳಲ್ಲಿ ಕೇಳಿಬರುತ್ತದೆ. ಅದು ಹುಟ್ಟಿದ್ದು 2 ಮೀಟರ್ ಉದ್ದದ, ಕೈ ಅಗಲವೂ ಇಲ್ಲದ, ಮೂತಿ ಮಾತ್ರ ತುಸು ಬಾಗಿದ ಸ್ಕೀಗಳ ಕಾಲದಲ್ಲಿ. ಅವುಗಳ ಮೂತಿಯನ್ನು ಹಿಮದ ಮೇಲೆ ಇಡಬೇಕಾದರೆ ಸ್ಕೀಯರ್ ಕುರ್ಚಿಯಲ್ಲಿ ಕೂತಂತೆ ಹಿಂದಕ್ಕೆ ಭಾರ ಹಾಕಬೇಕಿತ್ತು, ತೊಡೆಗಳು ಉರಿಯುತ್ತಿದ್ದವು. ಬೈಂಡಿಂಗನ್ನೇ ಹಿಂದೆ ಸರಿಸಿದರೆ ಆ ಶ್ರಮ ಸ್ವಲ್ಪ ತಗ್ಗುತ್ತಿತ್ತು. ಅಂದಿಗೆ ಅದು ಸರಿಯಾದ ಸಲಹೆ.

ಈಗ ಆ ಕೆಲಸವನ್ನು ಆಕಾರವೇ ಮಾಡಿಬಿಟ್ಟಿದೆ. 2006ರಲ್ಲಿ ಮೆಕಾಂಕಿ ಕೆ2 ಕಂಪನಿಗಾಗಿ ರೂಪಿಸಿದ ಪಾಂಟೂನ್ ಸ್ಕೀಯನ್ನೇ ನೋಡಿ. ಸೊಂಟದಲ್ಲಿ 130 ಮಿ.ಮೀ., ಮೂತಿಯಲ್ಲಿ ಅದಕ್ಕಿಂತ ಬಹಳ ಅಗಲ, ಬಾಲ ಸಪೂರ. ಅಗಲದ ಮೂತಿ ತೇಲುತ್ತದೆ, ಸಪೂರ ಬಾಲ ಮುಳುಗುತ್ತದೆ. ಸ್ಕೀಯರ್ ನೆಟ್ಟಗೆ ನಿಂತಿದ್ದರೂ ಸ್ಕೀ ತಾನೇ ಹಿಂದಕ್ಕೆ ಓರೆಯಾಗಿರುತ್ತದೆ. ಅಂಥದರ ಮೇಲೆ ಬೈಂಡಿಂಗನ್ನು ಮತ್ತೂ ಹಿಂದೆ ಹಾಕಿಸುವುದೆಂದರೆ ಒಂದೇ ಕಾಯಿಲೆಗೆ ಎರಡು ಔಷಧಿ ಕುಡಿದಂತೆ. ಇನ್ನೊಂದು ತುದಿಯಲ್ಲಿ ಅಮೆರಿಕದ ಎರಿಕ್ ಪೊಲಾರ್ಡ್ ಲೈನ್ ಕಂಪನಿಗಾಗಿ ಮೂತಿ-ಬಾಲ ಎರಡೂ ಒಂದೇ ಬಗೆಯಾಗಿ ಬಾಗುವ ಅಗಲದ ಸ್ಕೀಗಳನ್ನು ರೂಪಿಸಿ, ನಡುಮಧ್ಯಕ್ಕೆ ಹತ್ತಿರವೇ ನಿಂತು ಆಳದ ಹಿಮದಲ್ಲಿ ಇಳಿದು ತೋರಿಸಿದರು. ಅವರ ಸ್ಕೀಯ ಮೂತಿ ಮುಳುಗಲಿಲ್ಲ, ಏಕೆಂದರೆ ಅವರು ನಿಲ್ಲುವ ರೀತಿಗೆ ಹೊಂದುವಂತೆಯೇ ಸ್ಕೀ ತಯಾರಾಗಿತ್ತು.

ಕಾಲೂರುವ ಜಾಗ ಸ್ಕೀಯ ವಿನ್ಯಾಸದ ಒಂದು ಭಾಗ. ವಿನ್ಯಾಸಕರು ರಾಕರ್ ಎಲ್ಲಿಂದ ಆರಂಭವಾಗಬೇಕು, ಹಲಗೆ ಎಲ್ಲಿ ಮೆತ್ತಗಿರಬೇಕು ಎಂದು ತೀರ್ಮಾನಿಸುವಾಗ ಒಂದು ಜಾಗದಲ್ಲಿ ಮನುಷ್ಯನೊಬ್ಬನನ್ನು ನಿಲ್ಲಿಸಿಕೊಂಡೇ ತೀರ್ಮಾನಿಸಿರುತ್ತಾರೆ. ಒಂದು ಸ್ಕೀಗೆ ಹೊಂದಿದ ಅಂಕಿಯನ್ನು ಇನ್ನೊಂದಕ್ಕೆ ಹೊತ್ತೊಯ್ಯುವಂತಿಲ್ಲ. 'ನಾನು ಯಾವಾಗಲೂ ಮೈನಸ್ ಆರರಲ್ಲೇ ಹಾಕಿಸುವುದು' ಎನ್ನುವವರು ಆ ಲೆಕ್ಕಾಚಾರವನ್ನೇ ಕಿತ್ತುಹಾಕುತ್ತಾರೆ. ಗೆರೆಯಿಂದ 1 ಸೆಂ.ಮೀ. ಆಚೀಚೆ ಸರಿಯುವುದು ರುಚಿಯ ವಿಚಾರ, 3 ಸೆಂ.ಮೀ. ಸರಿಸಬೇಕೆನಿಸಿದರೆ ಸ್ಕೀಯನ್ನೇ ಬದಲಿಸುವುದು ಮೇಲು.

ಹಿಮ್ಮಡಿಯನ್ನು ಸ್ಕೀಗೆ ಬಿಗಿಯದೆ ಸಾಗುವ ಕ್ರೀಡೆಯಲ್ಲಿ ಈ ತರ್ಕ ಬೇರೆ. ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟಗಳಲ್ಲಿ ಕರ್ನಾಟಕಕ್ಕೆ ಚಿನ್ನ ತಂದ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರದು ಕ್ರಾಸ್ ಕಂಟ್ರಿ ಸ್ಕೀಯಿಂಗ್. ಅಲ್ಲಿ ಹಿಮ್ಮಡಿ ಬಿಡುವಾಗಿರುತ್ತದೆ, ಪ್ರತಿ ಹೆಜ್ಜೆಗೂ ಸ್ಕೀ ಬೆರಳ ತುದಿಯಿಂದ ಜೋತಾಡುತ್ತದೆ. ಸ್ಕೀಯನ್ನು ಅಡ್ಡಲಾಗಿ ತೂಗಿ, ಎತ್ತ ಕಡೆಗೂ ವಾಲದ ಬಿಂದುವನ್ನು ಗುರುತಿಸಿ, ಬೂಟಿನ ಮುಂತುದಿ ಅಲ್ಲಿಗೆ ಬರುವಂತೆ ಬೈಂಡಿಂಗ್ ಹಾಕುವುದು ಅದರ ಸಾಂಪ್ರದಾಯಿಕ ಕ್ರಮ. ಇಳಿಜಾರಿನ ಸ್ಕೀಯಲ್ಲಿ ತೂಕದ ಬಿಂದುವಿಗಿಂತ ಹಿಮ ಎಲ್ಲಿ ಮೇಲಕ್ಕೆ ಒತ್ತುತ್ತದೆ ಎಂಬುದೇ ಮುಖ್ಯವಾಗುತ್ತದೆ.

ಪಾದ ಚಿಕ್ಕದಿರುವವರು ಗಮನಿಸಲೇಬೇಕಾದ ಸಂಗತಿಯೊಂದಿದೆ, ಅಂಗಡಿಗಳಲ್ಲಿ ಇದನ್ನು ಹೇಳುವವರು ಕಡಿಮೆ. ಗೆರೆ ಕೂಡಿಸುವುದು ಬೂಟಿನ ಮಧ್ಯಕ್ಕೆ, ನಾವು ಒತ್ತುವುದು ಹೆಬ್ಬೆರಳ ಬುಡದ ದಪ್ಪ ಭಾಗದಿಂದ. 325 ಮಿ.ಮೀ. ಉದ್ದದ ಬೂಟು ಮತ್ತು 275 ಮಿ.ಮೀ. ಬೂಟು ಒಂದೇ ಗೆರೆಯ ಮೇಲೆ ಕೂತರೂ ಚಿಕ್ಕ ಬೂಟಿನ ಮುಂತುದಿ ಎರಡೂವರೆ ಸೆಂ.ಮೀ. ಹಿಂದಿರುತ್ತದೆ, ಒತ್ತುವ ಭಾಗವೂ ಅದಕ್ಕೆ ತಕ್ಕಂತೆ ಹಿಂದೆ ಉಳಿಯುತ್ತದೆ. ಹೆಂಗಸರು ಬೈಂಡಿಂಗನ್ನು ತುಸು ಮುಂದೆ ಹಾಕಿಸಬೇಕೆಂದು ಅಮೆರಿಕದ ಜೀನಿ ಥೋರೆನ್ ದಶಕಗಳ ಕಾಲ ಊರೂರು ತಿರುಗಿ ವಾದಿಸಿದರು. ಗಂಡಸರ ಅಳತೆಗೆ ಮಾಡಿದ ಸ್ಕೀಯ ಮೇಲೆ ಹೆಂಗಸರು ಏಕೆ ಹಿಂದೆ ಬಿದ್ದಂತೆ ಕಾಣುತ್ತಾರೆ ಎಂಬ ಪ್ರಶ್ನೆಗೆ ಅವರು ಉತ್ತರವನ್ನು ದೇಹದಲ್ಲಿ ಹುಡುಕದೆ ಉಪಕರಣದಲ್ಲಿ ಹುಡುಕಿದರು. ಚಿಕ್ಕ ಪಾದದ ಗಂಡಸರಿಗೂ ಅದೇ ಮಾತು ಸಲ್ಲುತ್ತದೆ. ಅಂಥವರು ಗೆರೆಗಿಂತ 1 ಸೆಂ.ಮೀ. ಮುಂದಿನಿಂದ ಪರೀಕ್ಷೆ ಶುರುಮಾಡುವುದು ಒಳ್ಳೆಯದು.

ಗುಲ್ಮಾರ್ಗ್‌ಗೆ ಹೋಗುವವರು

ನಮ್ಮ ದೇಶದಲ್ಲಿ ಪುಡಿ ಹಿಮ ಎಂದರೆ ಮೊದಲು ನೆನಪಾಗುವುದು ಗುಲ್ಮಾರ್ಗ್. 1927ರಲ್ಲೇ ಬ್ರಿಟಿಷ್ ಅಧಿಕಾರಿಗಳು ಅಲ್ಲಿ ಸ್ಕೀ ಕ್ಲಬ್ ಕಟ್ಟಿದ್ದರು. 1998ರಲ್ಲಿ ಕೊಂಗ್ಡೂರಿಯವರೆಗೆ, 2005ರಲ್ಲಿ ಅಫರ್ವಾಟ್ ಬೆಟ್ಟದ ಭುಜದವರೆಗೆ ಗೊಂಡೋಲ ಏರಿದ ಮೇಲೆ ಅದು ಪ್ರಪಂಚದ ಸ್ಕೀಯರ್‌ಗಳ ಕಣ್ಣಿಗೆ ಬಿತ್ತು. ಈ ತಂತಿದಾರಿ ಸುಮಾರು 2,650 ಮೀಟರಿನಿಂದ 3,900 ಮೀಟರ್ ದಾಟಿ ಒಯ್ಯುತ್ತದೆ. ಪಶ್ಚಿಮದಿಂದ ಬರುವ ವಾಯುಕ್ಷೋಭೆಗಳು ಇಡೀ ದಿನ ಹಿಮ ಸುರಿಸಿ ಹೋಗುತ್ತವೆ, ಆಮೇಲೆ ಬಿಸಿಲು.

ಹಾಗೆಂದು 125 ಮಿ.ಮೀ. ಸ್ಕೀ ಹೊತ್ತೊಯ್ಯಬೇಕೇ? ನಾನು ಬೇಡ ಎನ್ನುತ್ತೇನೆ. ಮೇಲಿನ ಬಯಲು ಬಟ್ಟಲುಗಳಲ್ಲಿ ತಾಜಾ ಹಿಮ ಇರುವ ದಿನ ಅದರಂಥ ಸ್ಕೀ ಇನ್ನೊಂದಿಲ್ಲ, ನಿಜ. ಆದರೆ ಬಿರುಗಾಳಿಗಳ ನಡುವಿನ ದಿನಗಳಲ್ಲಿ ಗಾಳಿ ಆ ಮೇಲ್ಮೈಯನ್ನು ಗಟ್ಟಿ ಮಾಡುತ್ತದೆ. ಕೆಳಗಿನ ಹಂತದಲ್ಲಿ ಎಲ್ಲರೂ ತುಳಿದ ದಿಬ್ಬಗಳು. ಬಾಬಾ ರೇಶಿಯ ಕಡೆಗೋ ತಂಗ್‌ಮಾರ್ಗ್ ಕಡೆಗೋ ಕಾಡಿನ ಮೂಲಕ ಇಳಿದರೆ ಮರಗಳ ನಡುವೆ ಥಟ್ಟನೆ ತಿರುಗಬೇಕು, ಸಮತಟ್ಟು ದಾರಿಯಲ್ಲಿ ತಳ್ಳಿಕೊಂಡು ಸಾಗಬೇಕು. 105ರಿಂದ 112 ಮಿ.ಮೀ. ಸೊಂಟ, ಮೂತಿಯಲ್ಲಿ ಧಾರಾಳ ರಾಕರ್, ಬಾಲದಲ್ಲಿ ಸ್ವಲ್ಪ, ಕಾಲಡಿಯಲ್ಲಿ ಕ್ಯಾಂಬರ್, ಮಧ್ಯಮ ಬಿಗಿತ: ಒಂದೇ ಜೋಡಿ ಒಯ್ಯುವವರಿಗೆ ನನ್ನ ಆಯ್ಕೆ ಇದು.

ಅಗಲದ ಸ್ಕೀ ಮೊದಲು ಕಷ್ಟವಾಗಿದ್ದ ಇಳಿಜಾರುಗಳನ್ನು ಸುಲಭ ಮಾಡಿದೆ, ಆದರೆ ಹಿಮಕುಸಿತದ ಅಪಾಯವನ್ನು ಒಂದಿಷ್ಟೂ ತಗ್ಗಿಸಿಲ್ಲ. ಅಫರ್ವಾಟ್ ಪ್ರದೇಶದಲ್ಲಿ 2023ರ ಫೆಬ್ರುವರಿಯಲ್ಲಿ ಪೋಲೆಂಡಿನ ಇಬ್ಬರು, 2024ರ ಫೆಬ್ರುವರಿಯಲ್ಲಿ ರಷ್ಯಾದ ಒಬ್ಬರು ಹಿಮಕುಸಿತಕ್ಕೆ ಸಿಕ್ಕಿ ಸತ್ತರು. ಗುರುತು ಹಾಕಿದ ಎಲ್ಲೆ ದಾಟುವವರ ಬಳಿ ಹಿಮದಡಿ ಹೂತವರನ್ನು ಹುಡುಕಿ ತೆಗೆಯುವ ಬೀಕನ್, ಸಲಿಕೆ, ಪ್ರೋಬ್ ಕೋಲು ಮೂರೂ ಇರಬೇಕು, ಬಳಸಲೂ ಬರಬೇಕು. ಸ್ಕೀಗೆ ಇಟ್ಟ ಹಣದಲ್ಲಿ ಇವಕ್ಕೆ ಪಾಲು ಉಳಿಯದಿದ್ದರೆ ಸ್ಕೀ ಬಾಡಿಗೆಗೆ ತೆಗೆದುಕೊಳ್ಳಿ.

ಬಾಡಿಗೆ ಸ್ಕೀಗೆ ಇನ್ನೊಂದು ಅನುಕೂಲವಿದೆ. ಅವುಗಳ ಬೈಂಡಿಂಗ್ ಹಳಿಯ ಮೇಲೆ ಸರಿಯುತ್ತದೆ. ಮುಂದಿನ ತುಂಡೂ ಹಿಂದಿನ ತುಂಡೂ ಎರಡೂ ಸರಿಯುವ ಮಾದರಿ ಸಿಕ್ಕರೆ ಕೊರೆಯುವ ಮೊದಲೇ ಜಾಗ ಹುಡುಕಬಹುದು. ಒಂದೇ ಇಳಿಜಾರಿನಲ್ಲಿ ಗೆರೆಯ ಮೇಲೆ ಒಮ್ಮೆ, ಒಂದೂವರೆ ಸೆಂ.ಮೀ. ಮುಂದೆ ಒಮ್ಮೆ, ಹಿಂದೆ ಒಮ್ಮೆ ಇಳಿಯಿರಿ. ಕೊನೆಗೆ ಮತ್ತೆ ಗೆರೆಯ ಮೇಲೆ ಇಳಿಯಿರಿ, ಏಕೆಂದರೆ ಅಷ್ಟರಲ್ಲಿ ಹಿಮವೇ ಬದಲಾಗಿರುತ್ತದೆ. ಮೂತಿ ಮುಳುಗಿ ಮುಗ್ಗರಿಸುವಂತಾದರೆ ಬೂಟು ತೀರಾ ಮುಂದಿದೆ. ತಿರುವು ಶುರುಮಾಡಲು ಮೈಯನ್ನೇ ಮುಂದಕ್ಕೆ ಎಸೆಯಬೇಕೆನಿಸಿದರೆ ತೀರಾ ಹಿಂದಿದೆ. ಪ್ರತಿ ಸಲ ಸರಿಸಿದಾಗಲೂ ಬೈಂಡಿಂಗ್ ಬೂಟನ್ನು ಒತ್ತುವ ಬಲ ಸರಿಯಿದೆಯೇ ಎಂದು ಅಂಗಡಿಯವರಿಂದಲೇ ನೋಡಿಸಿ. ಬೈಂಡಿಂಗ್ ಎಷ್ಟು ಬಲಕ್ಕೆ ಬೂಟನ್ನು ಬಿಟ್ಟುಕೊಡಬೇಕೆಂಬ ಬಿಡುಗಡೆಯ ಅಂಕಿಯನ್ನು ತೂಕ, ಎತ್ತರ, ವಯಸ್ಸು, ಬೂಟಿನ ಉದ್ದ, ಸ್ಕೀ ಮಾಡುವ ರೀತಿ ಲೆಕ್ಕ ಹಾಕಿ ಇಡುತ್ತಾರೆ. ಆಳದ ಹಿಮದಲ್ಲಿ ಸ್ಕೀ ಕಳೆದುಹೋದೀತೆಂದು ಅದನ್ನು ಏರಿಸಬೇಡಿ. ನಿಧಾನವಾಗಿ ತಿರುಚಿಕೊಂಡು ಬೀಳುವುದು ಮಂಡಿಗೆ ಕೆಟ್ಟದ್ದು.

ಕೊರೆಯುವ ಕೆಲಸವನ್ನು ಅಚ್ಚು ಇರುವ ಕಾರ್ಯಾಗಾರಕ್ಕೇ ಬಿಡಬೇಕು. ಲೋಹದ ಪದರವಿರುವ ಸ್ಕೀಗೆ 4.1 ಮಿ.ಮೀ. ಬಿಟ್, ಇಲ್ಲದ್ದಕ್ಕೆ ಅದಕ್ಕಿಂತ ಸಣ್ಣದು, ಆಳ 9 ಮಿ.ಮೀ. ಸುಮಾರು, ಯಾವ ಬಿಟ್ ಎಂಬುದು ಸ್ಕೀಯ ಮೇಲೆಯೇ ಹೆಚ್ಚಾಗಿ ಮುದ್ರಿತವಾಗಿರುತ್ತದೆ. ರಂಧ್ರಕ್ಕೆ ಅಂಟು ಬಿಟ್ಟ ಮೇಲೆಯೇ ಸ್ಕ್ರೂ ತಿರುಗಿಸಬೇಕು, ಇಲ್ಲದಿದ್ದರೆ ಒಳಗಿನ ಮರ ನೀರು ಕುಡಿಯುತ್ತದೆ. ಬ್ರೇಕಿನ ಕೈಗಳು ಸೊಂಟಕ್ಕಿಂತ ಅಗಲವಿರಬೇಕು, ಆದರೆ ಒಂದೂವರೆ ಸೆಂಟಿಮೀಟರಿಗಿಂತ ಹೆಚ್ಚು ಹೊರಚಾಚಬಾರದು. ಹಳೆಯ ರಂಧ್ರದಿಂದ ಹೊಸದು 1 ಸೆಂ.ಮೀ.ನಷ್ಟಾದರೂ ದೂರವಿರಬೇಕಾದ್ದರಿಂದ ಅರ್ಧ ಸೆಂಟಿಮೀಟರಿನ ಸಣ್ಣ ತಿದ್ದುಪಡಿಗೆ ಮುಂದೆ ಅವಕಾಶವಿರುವುದಿಲ್ಲ. ಸ್ಕೀಯ ಮೇಲೆ ಬರೆದ ಉದ್ದಕ್ಕೂ ನಿಜವಾದ ಉದ್ದಕ್ಕೂ ಒಂದೆರಡು ಸೆಂಟಿಮೀಟರ್ ವ್ಯತ್ಯಾಸ ಸಾಮಾನ್ಯ. ಹಾಗಾಗಿ ಎರಡೂ ಸ್ಕೀಗಳನ್ನು ಬಾಲದಿಂದ ನೀವೇ ಟೇಪು ಹಿಡಿದು ಅಳೆದು, ಬಯಸಿದ ಜಾಗದಲ್ಲಿ ಅಂಟುಪಟ್ಟಿ ಹಚ್ಚಿ, ಬಾಲದಿಂದ ಎಷ್ಟು ದೂರ, ಕಾರ್ಖಾನೆಯ ಗೆರೆಯಿಂದ ಎಷ್ಟು ಮುಂದೆ ಅಥವಾ ಹಿಂದೆ ಎಂಬುದನ್ನು ಅದರ ಮೇಲೆ ಬರೆದು, ನಿಮ್ಮ ಬೂಟುಗಳ ಜೊತೆಗೇ ಕೊಡಿ.